ಕೆಮ್ಮಿಗೊಂದು ಟ್ಯಾಗು

ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಹಾಡಿಗೆ ಐದಾರು ಖಾನೆ ಸಾಕು. ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ, ಪ್ರಕಾರ. ಬೇಕಿದ್ದರೆ ಒಂದು ಕಾಮೆಂಟು. ಧಾರವಾಡ ಸಪ್ತಾಪುರದ ನಮ್ಮ ಕಾಕಾನ ಲೆಕ್ಕವೇ ಬೇರೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಅವರ ಉದ್ದನೆಯ ರಿಜಿಸ್ಟರಿನಲ್ಲಿ ಒಂದೊಂದು ಕ್ಯಾಸೆಟ್ಟಿಗೂ ಒಂದೊಂದು ಪುಟ. ರಾಗ, ತಾಳ, ಬಂದಿಶ್, ತಬಲಾ ಯಾರು, ಹಾರ್ಮೋನಿಯಂ ಯಾರು, ಯಾವ ಹೊತ್ತು, ಯಾರ ಮನೆ, ರೇಡಿಯೋದಿಂದ ಹಿಡಿದದ್ದೋ ಎದುರಿಗೇ ಕೂತು ಹಿಡಿದದ್ದೋ. ಇಷ್ಟೆಲ್ಲ ಆದ ಮೇಲೆ ಕೊನೆಗೆ ‘ಇತರೆ’ ಅಂತ ಒಂದು ಖಾನೆ. ನಿಜವಾದ ಮಜಾ ಇರುವುದೇ ಅಲ್ಲಿ.

‘12ನೇ ನಿಮಿಷಕ್ಕ ಕರೆಂಟ್ ಹೋತು.’ ‘ಅಪ್ಪ ಕೆಮ್ಮಿದ, ಸರಿಯಾಗಿ ಸಮ್ ಮ್ಯಾಲೆ.’ ‘ಈ ಕೆಮ್ಮು ಅಪ್ಪಂದಲ್ಲ, ಬಾಜೂಮನಿ ಮಾಸ್ತರಂದು.’ ‘ತಿಹಾಯಿ ಜೋಡಿ ಕುಕ್ಕರ್ ಸೀಟಿ. ಮೂರೂ ಬರೋಬ್ಬರಿ.’ ಸಮ್ ಅಂದರೆ ತಾಳದ ಮೊದಲ ಪೆಟ್ಟು, ತಿಹಾಯಿ ಅಂದರೆ ಒಂದೇ ತುಣುಕನ್ನು ಮೂರು ಸಲ ಹೇಳಿ ಮುಗಿಸುವುದು.

ಕ್ಯಾಸೆಟ್ಟುಗಳನ್ನೆಲ್ಲ ಫೈಲ್ ಮಾಡಿಸಿ, ರಿಜಿಸ್ಟರಿನ ಒಂದಕ್ಷರವೂ ಬಿಡದ ಹಾಗೆ ಟ್ಯಾಗ್, ಅಂದರೆ ಫೈಲಿಗೆ ಅಂಟುವ ವಿವರದ ಚೀಟಿ, ಹಾಕಬೇಕು ಅನ್ನುವುದು ಕಾಕಾನ ಆಜ್ಞೆ. ನಾನಿರುವುದು ಹುಬ್ಬಳ್ಳಿ ವಿದ್ಯಾನಗರದಲ್ಲಿ. ಭಾನುವಾರ ಬಂತೆಂದರೆ ಹಾರ್ಡ್ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಚಿಗರಿ ಬಸ್ ಹತ್ತುತ್ತೇನೆ. ಹೋಗುವಾಗ ಬರೀ ಹಾರ್ಡ್ ಡಿಸ್ಕು. ಬರುವಾಗ ಹಾರ್ಡ್ ಡಿಸ್ಕಿನ ಜೊತೆ ಬೈಗುಳ. ಪೇಡೆ ಕಟ್ಟಿಕೊಡುವುದೆಲ್ಲ ಬೇರೆ ನೆಂಟರಿಗೆ.

ಮೊದಲ ಜಗಳ ಪ್ರಕಾರದ ಖಾನೆಯದು. ಎಂಪಿ3 ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಪದ್ಧತಿಗೆ ಐಡಿ3 ಅಂತಾರೆ. 1996ರಲ್ಲಿ ಎರಿಕ್ ಕೆಂಪ್ ಎನ್ನುವವರು ಶುರು ಮಾಡಿದ್ದು. ಫೈಲಿನ ತುದಿಗೆ 128 ಬೈಟ್ ಜಾಗ. ಅದರಲ್ಲಿ ಹಾಡಿಗೆ 30, ಹಾಡಿದವರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4. ಪ್ರಕಾರಕ್ಕೆ ಸಿಕ್ಕಿದ್ದು ಒಂದೇ ಬೈಟು. ಅಲ್ಲಿ ಹೆಸರು ಬರೆಯೋ ಹಾಗಿಲ್ಲ, ಪಟ್ಟಿಯ ನಂಬರ್ ಮಾತ್ರ ಹಾಕಬೇಕು. ಆ ಮೊದಲ ಪಟ್ಟಿಯಲ್ಲಿ 80 ಪ್ರಕಾರ. ಪೋಲ್ಕಾ ಇದೆ, ಕ್ರಿಶ್ಚಿಯನ್ ರ‍್ಯಾಪ್ ಇದೆ. ಖ್ಯಾಲ್ ಇಲ್ಲ, ಠುಮ್ರಿ ಇಲ್ಲ. ವಚನ, ದಾಸರ ಪದದ ಮಾತೇ ಬೇಡ. ಪಟ್ಟಿಯ ಸೊನ್ನೆ ನಂಬರಿನಲ್ಲಿ ಕೂತಿರುವುದು ಬ್ಲೂಸ್. ಏನೂ ತೋಚದ ಸಾಫ್ಟ್‌ವೇರು ಅಲ್ಲೊಂದು ಸೊನ್ನೆ ಬರೆದು ಕೈತೊಳೆದುಕೊಂಡರೆ ಮುಗೀತು, ಯಾವ ಹಾಡಾದರೂ ಬ್ಲೂಸ್.

ಕ್ಯಾಸೆಟ್ಟುಗಳನ್ನು ಫೈಲ್ ಮಾಡಿಕೊಟ್ಟ ಅಂಗಡಿಯವರ ಸಾಫ್ಟ್‌ವೇರ್ ಮಾಡಿದ್ದು ಅದನ್ನೇ. ತೆರೆದು ನೋಡಿದರೆ ಮಲ್ಲಿಕಾರ್ಜುನ ಮನಸೂರ ಬ್ಲೂಸ್. ಬಸವರಾಜ ರಾಜಗುರು ಬ್ಲೂಸ್. ಗಂಗೂಬಾಯಿ ಹಾನಗಲ್ ಬ್ಲೂಸ್.

“ಬ್ಲೂಸ್ ಅಂದ್ರ ಏನೋ?”

“ಅಮೆರಿಕಾದವರ ಹಾಡ್ರೀ ಕಾಕಾ. ದುಃಖದ್ದು ಜಾಸ್ತಿ.”

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ವಿಚಾರ ಮಾಡಿದರು. “ಹಂಗಾರ ಜೋಗಿಯಾ ರಾಗಕ್ಕ ಇರಲಿ ಬಿಡು. ಉಳಿದದ್ದೆಲ್ಲಾ ತಗಿ.”

ಈ ಹಳೇ ಐಡಿ3ಗೆ ಕನ್ನಡವೂ ಬರುವುದಿಲ್ಲ. 1998ರಲ್ಲಿ ಬಂದ ಅದರ ಎರಡನೇ ರೂಪಕ್ಕೆ ಬರುತ್ತದೆ. ಆದರೆ ಕಾಕಾನ ಕಾರಿನ ಪ್ಲೇಯರ್ ಇನ್ನೂ ಹಳೆಯದನ್ನೇ ಓದುತ್ತಿತ್ತು. ರಾಗದ ಹೆಸರಿರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. “ನಮ್ಮ ಸಾಲಿ ಹುಡುಗರ ಪೇಪರ್ ಇದಕ್ಕಿಂತ ಚಲೋ ಇರತಿದ್ದವು” ಅಂದರು ಕಾಕಾ.

ಇದೆಲ್ಲ ಸಾಫ್ಟ್‌ವೇರಿನ ದಡ್ಡತನ, ತಡಕೊಳ್ಳಬಹುದು. ತಡಕೊಳ್ಳಲಾಗದ್ದು ಅದರ ಜಾಣತನ. ಈಗಿನವು ಸುಮ್ನೆ ಕೂರುವುದಿಲ್ಲ. ತಾವಾಗಿ ಇಂಟರ್‌ನೆಟ್ಟಿಗೆ ಹೋಗಿ, ಅದೇ ಹೆಸರಿನ, ಸುಮಾರು ಅಷ್ಟೇ ಉದ್ದದ ಹಾಡು ಹುಡುಕಿ, ‘ನಿಮ್ಮ ಮಾಹಿತಿ ಸರಿಪಡಿಸಿದ್ದೇನೆ’ ಅಂತ ಬಂದು ನಿಲ್ಲುತ್ತವೆ. ಕುಂದಗೋಳದ ಸವಾಯಿ ಗಂಧರ್ವರ ಹಳೇ ರೆಕಾರ್ಡೊಂದನ್ನು ಕಾಕಾ ರೇಡಿಯೋದಿಂದ ಹಿಡಿದಿದ್ದರು. ಸಾಫ್ಟ್‌ವೇರು ಅದಕ್ಕೆ ಯಾವುದೋ ಸಿಡಿ ಬಂದ ವರ್ಷ ಅಂಟಿಸಿತು. ಅದರ ಪ್ರಕಾರ 1952ರಲ್ಲಿ ತೀರಿಕೊಂಡವರು 2003ರಲ್ಲಿ ಹಾಡಿದ್ದಾರೆ. ಮೂಲ ರೆಕಾರ್ಡಿನ ವರ್ಷಕ್ಕೇ ಐಡಿ3ಯಲ್ಲಿ ಬೇರೆ ಖಾನೆ ಉಂಟು. ಅದನ್ನು ಯಾರು ತುಂಬಬೇಕು?

ಗಂಗೂಬಾಯಿಯವರ ಕಥೆ ಇನ್ನೂ ಮಜಾ. ಅವರ ಶುರುವಿನ ರೆಕಾರ್ಡುಗಳು ಬಂದದ್ದು ‘ಗಾಂಧಾರಿ ಹುಬ್ಬಳ್ಳಿ’ ಅನ್ನುವ ಹೆಸರಿನಲ್ಲಿ. ಸಾಫ್ಟ್‌ವೇರಿಗೆ ಅವರು ಬೇರೆ, ಇವರು ಬೇರೆ. ಸವಾಯಿ ಗಂಧರ್ವರೇ ರಾಮಭಾವು ಕುಂದಗೋಳಕರ ಆದರೂ ಅದರ ಲೆಕ್ಕದಲ್ಲಿ ಇಬ್ಬರಿಗೂ ಪರಿಚಯವೇ ಇಲ್ಲ. ಇನ್ನು ‘ಪಂ.’ ಹಾಕಿದರೆ ಇಡೀ ಧಾರವಾಡವೇ ‘ಪ’ ಅಕ್ಷರದ ಕೆಳಗೆ ಬಂದು ಕೂಡುತ್ತದೆ. ತೆಗೆಯೋಣ ಅಂದರೆ ಕಾಕಾ ಕೇಳಬೇಕಲ್ಲ. “ಭೀಮಸೇನ ಜೋಶಿ ಅಂತ ಬರೇ ಹೆಸರು ಹಿಡದು ಕರೀತಿ? ನಿನ್ನ ಕ್ಲಾಸ್‌ಮೇಟೇನು?” ಪುಣ್ಯಕ್ಕೆ ತೋರಿಸುವ ಹೆಸರು ಬೇರೆ, ಜೋಡಿಸುವ ಹೆಸರು ಬೇರೆ ಇಡುವ ಖಾನೆ ಇದೆ. ಪರದೆ ಮೇಲೆ ‘ಪಂಡಿತ ಭೀಮಸೇನ ಜೋಶಿ’, ಸಾಲಿನಲ್ಲಿ ನಿಲ್ಲುವಾಗ ‘ಜೋಶಿ’. ಈ ಖಾನೆ ಮಾಡಿದ ಪುಣ್ಯಾತ್ಮನ ಮನೆಯಲ್ಲೂ ಒಬ್ಬ ಕಾಕಾ ಇದ್ದಿರಬೇಕು.

ದೊಡ್ಡ ಗಲಾಟೆ ಆದದ್ದು ಕಾಕೂನ ಹಾಡಿನಿಂದ. ಕಾಕು ಒಮ್ಮೆ ಅಡುಗೆ ಮನೆಯಲ್ಲಿ ದಾಸರ ಪದ ಹಾಡುವಾಗ ಕಾಕಾ ಸದ್ದಿಲ್ಲದೆ ರೆಕಾರ್ಡ್ ಮಾಡಿಕೊಂಡಿದ್ದರು. ರಿಜಿಸ್ಟರಿನಲ್ಲಿ ‘ಭೈರವಿ’ ಅಂತಷ್ಟೇ ಬರೆದಿದ್ದರು. ಜಗತ್ತಿನಲ್ಲಿ ಭೈರವಿಗೇನು ಬರ? ಸಾಫ್ಟ್‌ವೇರು ಹೋಗಿ ಒಂದನ್ನು ಹಿಡಿದುಕೊಂಡೇ ಬಂತು. ಕಾಕೂನ ಹಾಡು ಶುರುವಾದ ಕೂಡಲೇ ಪರದೆ ಮೇಲೆ ಉದ್ದ ಗಡ್ಡದ ಒಬ್ಬ ವಿದೇಶಿ, ತೊಡೆ ಮೇಲೆ ಸಿತಾರ. ಕೆಳಗೆ 1967.

“ಈ ಗಡ್ಡದಾಂವ ಯಾರು?” ಅಂದರು ಕಾಕು.

“ಕಲಾವಿದರು ಕಾಕು.”

“ಹಾಡಾಕತ್ತಾಕಿ ನಾನು. ಫೋಟೋ ಯಾಕ ಇವಂದು? ಮತ್ತ 1967ರಾಗ ನಾ ಎರಡನೇ ಇಯತ್ತೆ ಇದ್ದೆ.”

ಕಾಕಾ ನಕ್ಕರು. ನಗಬಾರದಿತ್ತು. ಆ ದಿನ ನನಗೂ ಚಹಾ ಬರಲಿಲ್ಲ.

ಅಂತೂ ಮಾಮೂಲಿ ಖಾನೆಗಳನ್ನು ಒಂದು ದಡ ಮುಟ್ಟಿಸಿದೆವು. ಉಳಿದದ್ದು ಕಾಕಾನ ಸ್ವಂತ ಖಾನೆಗಳು. ತಬಲಾ, ಹೊತ್ತು, ಯಾರ ಮನೆ, ಕೆಮ್ಮು. ಎಂಪಿ3ಯಲ್ಲಿ ಇಂಥ ಸ್ವಂತ ಖಾನೆಗಳಿಗೆ ಒಂದು ಕೋಣೆ ಇದೆ. ಟಿಎಕ್ಸ್ಎಕ್ಸ್ಎಕ್ಸ್ ಅಂತ ಅದರ ಹೆಸರು, ಪೊಲೀಸರು ಮುಚ್ಚಿಸಿದ ಅಂಗಡಿಯ ಬೋರ್ಡಿನ ಹಾಗೆ. ಅದರೊಳಗೆ ಖಾನೆಯ ಹೆಸರೂ ವಿವರವೂ ನಿಮ್ಮಿಷ್ಟ. ಆದರೆ ಎಷ್ಟೋ ಆ್ಯಪ್‌ಗಳು ಆ ಕೋಣೆಯ ಬಾಗಿಲು ತೆಗೆದೂ ನೋಡುವುದಿಲ್ಲ. ಧ್ವನಿಯನ್ನು ಚೂರೂ ಕಳೆಯದೆ ಇಡುವ ಫ್ಲಾಕ್ ಫೈಲು ಇದಕ್ಕಿಂತ ಉದಾರಿ. ಎಷ್ಟು ಖಾನೆ ಬೇಕಾದರೂ ಮಾಡಿಕೊಳ್ಳಿ ಅನ್ನುತ್ತದೆ. ಒಳಗಿನ ವಿವರ ಕನ್ನಡದಲ್ಲಿರಬಹುದು, ಖಾನೆಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಹಾಗಾಗಿ ಕಾಕಾ ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳಿದರು: “ಕೆ, ಇ, ಡಬಲ್ ಎಂ, ಯು.” ಆಗ ನಾನು ಬಸ್ಸಿನಲ್ಲಿದ್ದೆ. “ಕೆಮ್ಮು ಅಂದ್ರ ಯಾರ ಕೆಮ್ಮು ಅಂತ ಸೈತ ಬರೀಬೇಕೇನ್ರಿ?” ಅಂತ ನಾನು ಕೇಳಿದ್ದಕ್ಕೆ ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಟ್ಯಾಗ್ ಕೆಲಸದಿಂದ ನನಗಾದ ಒಂದೇ ಲಾಭ ಅದು.

ಇನ್ನೊಂದು ಮಾತು ಹೇಳಬೇಕು. ಎಲ್ಲ ಸಾಫ್ಟ್‌ವೇರುಗಳೂ ಟ್ಯಾಗನ್ನು ಫೈಲಿನೊಳಗೇ ಬರೆಯುವುದಿಲ್ಲ. ಕೆಲವು ತಮ್ಮದೇ ಡೇಟಾಬೇಸಿನಲ್ಲಿ ಬರೆದುಕೊಂಡು ಸುಮ್ಮನಾಗುತ್ತವೆ. ಅಲ್ಲಿ ನೋಡಿದರೆ ಎಲ್ಲ ಇದೆ. ಫೈಲನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಏನೂ ಇಲ್ಲ. ನಕ್ಷತ್ರ ಕೊಟ್ಟದ್ದು, ಎಷ್ಟು ಸಲ ಕೇಳಿದ್ದು ಅನ್ನುವ ಲೆಕ್ಕಗಳು ಹೆಚ್ಚಾಗಿ ಇದೇ ಥರ. ಆದ್ದರಿಂದ ಒಂದು ಫೈಲಿಗೆ ಟ್ಯಾಗ್ ಹಾಕಿ, ಅದನ್ನು ಇನ್ನೊಂದು ಸಾಫ್ಟ್‌ವೇರಿನಲ್ಲಿ ತೆರೆದು, ಅಲ್ಲೂ ಕಂಡರೆ ಮಾತ್ರ ಉಳಿದವಕ್ಕೆ ಕೈಹಾಕುವುದು ವಾಸಿ.

ಇಷ್ಟು ಹುಷಾರಾಗಿದ್ದರೂ ಕೆಮ್ಮುಗಳೆಲ್ಲ ಒಂದು ದಿನ ಮಾಯವಾದವು. ಕಾಕಾನ ಮಗ, ಅಂದರೆ ನನ್ನ ತಮ್ಮ, ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ. ಜಾಗ ಉಳಿಸುತ್ತೇನೆ ಅಂತ ಎಲ್ಲ ಫ್ಲಾಕನ್ನೂ ಸಣ್ಣ ಎಂಪಿ3 ಮಾಡಿ, ಹಳೇ ಫೈಲ್ ಅಳಿಸಿ, ಡಬ್ಬಿಯಲ್ಲಿ ಉಳಿದಿದ್ದ ಚಕ್ಕುಲಿ ತಿಂದು ವಾಪಸ್ ಹೋದ. ಅವನು ಬಳಸಿದ ಆ್ಯಪು ತನಗೆ ಗೊತ್ತಿದ್ದ ಐದಾರು ಖಾನೆಗಳನ್ನಷ್ಟೇ ಹೊಸ ಫೈಲಿಗೆ ದಾಟಿಸಿತ್ತು. ತಬಲಾದವರು ಹೋದರು, ಹೊತ್ತು ಹೋಯಿತು, ಅಜ್ಜನ ಕೆಮ್ಮು ಹೋಯಿತು.

ಕಾಕಾಗೆ ಆಶ್ಚರ್ಯವೇನೂ ಆಗಲಿಲ್ಲ. ಇವನ ಚರಿತ್ರೆ ಅವರಿಗೆ ಗೊತ್ತು. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತಿದ್ದವಲ್ಲ, ಬಾಜುವಿಗೊಂದರಂತೆ? ಅದನ್ನು ಮುರಿದರೆ ಟೇಪ್ ರೆಕಾರ್ಡರಿನ ರೆಕಾರ್ಡ್ ಬಟನ್ ಒತ್ತಲಿಕ್ಕೆ ಬರುತ್ತಿರಲಿಲ್ಲ. ಹಾಡು ಭದ್ರ. ಕಾಕಾ ಎಲ್ಲ ಕ್ಯಾಸೆಟ್ಟಿನ ಚೂರನ್ನೂ ಮುರಿದಿಟ್ಟಿದ್ದರು. ಈ ನನ್ನ ತಮ್ಮ ಎಂಟನೇ ಇಯತ್ತೆಯಲ್ಲಿದ್ದಾಗ ಆ ತೂತಿಗೆ ಗಮ್ ಟೇಪ್ ಹಚ್ಚಿ, ಮನಸೂರರ ಮೇಲೆ ಹಿಂದಿ ಕ್ರಿಕೆಟ್ ಕಾಮೆಂಟರಿ ಹಿಡಿದಿದ್ದ. ಇವತ್ತಿಗೂ ಆ ಫೈಲಿನಲ್ಲಿ ವಿಲಂಬಿತ್ ನಡೆಯುವಾಗ ನಡುವೆ ಎರಡು ಓವರ್ ಬರುತ್ತವೆ. ಟ್ಯಾಗು: ‘ನಡುವೆ ಕ್ರಿಕೆಟ್. ಒಂದು ವಿಕೆಟ್. ಅಪರಾಧಿ: ಮಗ.’

ಆ ಚೂರು ಮುರಿಯುವ ಕೆಲಸ ಈಗ ಕಂಪ್ಯೂಟರಿನಲ್ಲೂ ಇದೆ ಅಂತ ತೋರಿಸಿದಾಗಲೇ ಕಾಕಾನ ಮುಖ ಅರಳಿದ್ದು. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ‘ಈ ಟ್ಯಾಗುಗಳನ್ನು ಮುಟ್ಟಬೇಡ’ ಅಂತ ಒಂದು ಪಟ್ಟಿ ಕೊಡಬಹುದು. ಹಾಡು-ಸಿನಿಮಾಗಳ ಲೈಬ್ರರಿ ನಡೆಸುವ ಜೆಲ್ಲಿಫಿನ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಬೇಕಾದ ಖಾನೆಗೆ ಬೀಗ ಹಾಕಬಹುದು. ಆಮೇಲೆ ಅದು ಎಷ್ಟು ಸಲ ಇಂಟರ್‌ನೆಟ್ಟಿಗೆ ಹೋಗಿ ಬಂದರೂ ಬೀಗ ಹಾಕಿದ್ದು ಹಾಗೇ ಇರುತ್ತದೆ. ಕಾಕಾ ಎಲ್ಲದಕ್ಕೂ ಬೀಗ ಹಾಕಿಸಿದರು. “ಅಂವಂಗ ಪಾಸ್‌ವರ್ಡ್ ಹೇಳಬ್ಯಾಡ” ಅಂದರು.

ಹಳೇ ಫ್ಲಾಕಿನ ಇನ್ನೊಂದು ಪ್ರತಿ ನನ್ನ ಮನೆಯಲ್ಲಿತ್ತು, ಬಚಾವಾದೆವು. ಆದರೂ ಕಾಕಾಗೆ ನಂಬಿಕೆ ಬರಲಿಲ್ಲ. ಎಲ್ಲ ಟ್ಯಾಗನ್ನೂ ಒಂದು ಪಟ್ಟಿಗೆ ಇಳಿಸಿ, ಪ್ರಿಂಟ್ ತೆಗೆದು ತಾ ಅಂದರು. ರಿಜಿಸ್ಟರ್ ಒಂದು ಕಡೆ, ಪ್ರಿಂಟು ಒಂದು ಕಡೆ, ನಡುವೆ ಕೆಂಪು ಪೆನ್ನು. ಸಾಲುಸಾಲಿಗೆ ಟಿಕ್ ಹಾಕುತ್ತಾ ಹೋದರು. ‘ಬರೋಬ್ಬರಿ’ ಅಂತ ಇರಬೇಕಾದ ಕಡೆ ನಾನು ‘ಸರಿಯಾಗಿ’ ಅಂತ ಬರೆದಿದ್ದಕ್ಕೆ ಅರ್ಧ ಅಂಕ ಕಳೆದರು. ಕೊನೆಗೆ ಹಾಳೆಯ ತಲೆಯಲ್ಲಿ ನೂರಕ್ಕೆ ಎಂಬತ್ತೊಂದೂವರೆ.

ಪರೀಕ್ಷೆ ಪಾಸಾದ ಖುಷಿಗೆ ಏನಾದರೂ ಹುಡುಕಿ ತೋರಿಸು ಅಂದರು. “ಕೆಮ್ಮು ಇಲ್ಲದ್ದು ಅಷ್ಟ ತಗಿ ನೋಡೋಣ.”

ಹುಡುಕಿದೆ. ಇಡೀ ಲೈಬ್ರರಿಯಲ್ಲಿ ಒಂದೇ ಫೈಲು ಬಂತು. ರಿಜಿಸ್ಟರ್ ನೋಡಿದರೆ, ‘ಬಾಜು ಬಿ. ಖಾಲಿ ಐತಿ. ಹಾಡೂ ಇಲ್ಲ, ಕೆಮ್ಮೂ ಇಲ್ಲ.’ ಅಂಗಡಿಯವರು ಅದನ್ನೂ ಪೂರ್ತಿ 45 ನಿಮಿಷದ ಫೈಲ್ ಮಾಡಿ ದುಡ್ಡು ಎಣಿಸಿಕೊಂಡಿದ್ದರು.

“ಹಚ್ಚು” ಅಂದರು ಕಾಕಾ.

“ಖಾಲಿ ಐತ್ರೀ.”

“ದುಡ್ಡು ಕೊಟ್ಟೀನಿ, ಹಚ್ಚು.”

ಹಚ್ಚಿದೆ. ಸುಂಯ್ ಅನ್ನುವ ಟೇಪಿನ ಸದ್ದು. ಈ ಸಲ ಚಹಾ ಬಂತು. ಕುಡಿದು ಮುಗಿಸಿದ ಮೇಲೂ ಕಾಕಾ ಏಳಲಿಲ್ಲ, ತಾಳ ಹಾಕದೆ ಕೂತಿದ್ದರು. ಅಷ್ಟರಲ್ಲಿ ಸ್ಪೀಕರಿನಿಂದ ಗಟ್ಟಿಯಾಗಿ ಒಂದು ಕೆಮ್ಮು.

“ಅಪ್ಪ!” ಅಂದರು ಕಾಕಾ. “ಬರಕೋ, ಬರಕೋ.”

“ಮಾವನವರದಲ್ಲ ಅದು” ಅಂತ ಒಳಗಿನಿಂದ ಕಾಕು. “ಬಾಜೂಮನಿ ಮಾಸ್ತರಂದು. ಮಾವನವರು ಎರಡು ಸಲ ಕೆಮ್ಮತಿದ್ದರು.”

ಹಿಂದೆ ಸರಿಸಿ ಮತ್ತೆ ಮತ್ತೆ ಕೇಳಿದೆವು. ತೀರ್ಮಾನ ಆಗಲಿಲ್ಲ. ಫ್ಲಾಕಿನಲ್ಲಿ ಒಂದೇ ಖಾನೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಹಾಗಾಗಿ ಎರಡೂ ಹೆಸರು ಹಾಕಿ, ಸೇವ್ ಮಾಡಿ, ಬೀಗವನ್ನೂ ಹಾಕಿ, ಚೀಲ ಹೆಗಲಿಗೇರಿಸಿಕೊಂಡೆ.

“ಮೊದಲು ಯಾರ ಹೆಸರು ಹಾಕಿದಿ?” ಅಂತ ಕಾಕು ಅಡುಗೆ ಮನೆಯಿಂದ ಹೊರಗೆ ಬಂದರು.