ಸ್ಪಷ್ಟನೆ: ಪದರವನ್ನು ಹಿಗ್ಗಿಸಿದಷ್ಟೂ ಆಕ್ಸಿಜನ್ ಹೆಚ್ಚುವುದಿಲ್ಲ

ವಿದ್ಯುತ್ತಿನಿಂದ ನೀರನ್ನು ಒಡೆಯುವಾಗ ವೇಗವರ್ಧಕವಾಗುವ ಲ್ಯಾಂಥನಮ್ ನಿಕಲೇಟ್ ಎಂಬ ಆಕ್ಸೈಡ್‌ನ ತೆಳುಪದರವನ್ನು ಹಿಗ್ಗಿಸಿದಷ್ಟೂ ನೀರಿನಿಂದ ಆಕ್ಸಿಜನ್ ಬೇಗ ಬಿಡುಗಡೆಯಾಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಈ ವಸ್ತುವಿನ ಜಾಲಕದ (ಹರಳಿನಲ್ಲಿ ಪರಮಾಣುಗಳ ಕ್ರಮಬದ್ಧ ಜೋಡಣೆಯ) ಅಳತೆ ಸುಮಾರು 3.84 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಸ್ಟ್ರಾನ್ಷಿಯಮ್ ಟೈಟನೇಟ್ ಹರಳಿನ (ಅಳತೆ 3.905) ಮೇಲೆ ಬೆಳೆಸಿದರೆ ಅದು ಆ ಹರಳಿಗೆ ಹೊಂದಿಕೊಳ್ಳಲು ಸುಮಾರು 1.7% ಹಿಗ್ಗುತ್ತದೆ, ಲ್ಯಾಂಥನಮ್ ಅಲ್ಯೂಮಿನೇಟ್ (3.79) ಮೇಲೆ ಸುಮಾರು 1.3% ಕುಗ್ಗುತ್ತದೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕ್ಸಿಜನ್ ಬಿಡುಗಡೆಯ ಚುರುಕು ಹೆಚ್ಚಿದ್ದು ಕುಗ್ಗಿದ ಪದರದಲ್ಲೇ.

ಗೊಂದಲಕ್ಕೆ ಕಾರಣವಿದೆ. ಹಿಗ್ಗಿದ ಪದರದಿಂದ ಅದರದೇ ಆಕ್ಸಿಜನ್ ಪರಮಾಣುಗಳು ಸುಲಭವಾಗಿ ಕಳಚಿಕೊಳ್ಳುತ್ತವೆ. ಆ ಖಾಲಿ ಜಾಗಗಳೂ ಜಾಲಕವನ್ನು ಉಬ್ಬಿಸುತ್ತವೆ. ಪದರ ತೀರ ದಪ್ಪವಾದರೆ ಡಿಸ್‌ಲೊಕೇಶನ್‌ಗಳು (ಪರಮಾಣುಗಳ ಸಾಲು ತಪ್ಪುವ ದೋಷಗಳು) ಮೂಡಿ ಸ್ಟ್ರೇನ್, ಅಂದರೆ ಈ ಹಿಗ್ಗು-ಕುಗ್ಗು, ಸಡಿಲಗೊಳ್ಳುತ್ತದೆ. ಆದ್ದರಿಂದ ಸ್ಟ್ರೇನ್ ಅಳೆಯಲು ಎಕ್ಸ್-ರೇ ಚದುರಿಕೆಯ ಒಂದೇ ಶಿಖರ ಸಾಲದು, ಪದರದ ಅಡ್ಡಗಲದ ಅಳತೆಯನ್ನೂ ದಪ್ಪದ ದಿಕ್ಕಿನ ಅಳತೆಯನ್ನೂ ಒಟ್ಟಿಗೆ ತೋರಿಸುವ ಎಕ್ಸ್-ರೇ ನಕ್ಷೆ, ಅಂದರೆ ರೆಸಿಪ್ರೋಕಲ್ ಸ್ಪೇಸ್ ಮ್ಯಾಪ್, ತೆಗೆಯಲೇಬೇಕು.

ಇನ್ನು ಪ್ರಯೋಗದ ದ್ರಾವಣವಾದ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಅನ್ನು ಶುದ್ಧೀಕರಿಸದಿದ್ದರೆ ಅದರಲ್ಲಿರುವ ಕಬ್ಬಿಣ ಪದರದ ನಿಕಲ್ ಮೇಲ್ಮೈಗೆ ಸೇರಿದರೂ, ಆಕ್ಸಿಜನ್ ಬಿಡುಗಡೆಯನ್ನು ಸೂಚಿಸುವ ಕರೆಂಟ್ ಏರುತ್ತದೆ; ಆ ಗಳಿಕೆಯೂ ಎಷ್ಟೋ ಸಲ ಸ್ಟ್ರೇನ್ ಖಾತೆಗೇ ಜಮೆಯಾಗಿಬಿಡುತ್ತದೆ.