ಮುನ್ನೂರು ಹೊಡೆದ ತಪ್ಪಿಗೆ

2016ರ ಡಿಸೆಂಬರ್ 19ರಂದು ಚೆನ್ನೈನ ಚೆಪಾಕ್‌ನಲ್ಲಿ, ಇಂಗ್ಲೆಂಡ್ ಮೇಲಿನ ಟೆಸ್ಟ್‌ನಲ್ಲಿ, ನಮ್ಮ ಕರ್ನಾಟಕದ ಬ್ಯಾಟರ್ ಕರುಣ್ ನಾಯರ್ ಒಂದು ದೊಡ್ಡ ತಪ್ಪು ಮಾಡಿದ. ಆದಿಲ್ ರಶೀದ್ ಹಾಕಿದ ಚೆಂಡನ್ನು ಬೌಂಡರಿಗೆ ಕಳಿಸಿ ಮುನ್ನೂರು ದಾಟಿಬಿಟ್ಟ. 303, ನಾಟ್ ಔಟ್. 381 ಎಸೆತ, 32 ಬೌಂಡರಿ, 4 ಸಿಕ್ಸರ್. ನಾಯಕ ವಿರಾಟ್ ಕೊಹ್ಲಿ ಅಲ್ಲಿಗೇ ಡಿಕ್ಲೇರ್ ಮಾಡಿದ. ಬೋರ್ಡ್ ಮೇಲೆ 7 ವಿಕೆಟ್‌ಗೆ 759. ಟೆಸ್ಟ್‌ನಲ್ಲಿ ಭಾರತ ಅಷ್ಟು ಹೊಡೆದದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಹುಡುಗನಿಗೆ ಅನುಭವ ಸಾಲದು, ಅದಕ್ಕೇ ಹೀಗಾಯ್ತು. ಅದು ಅವನ ಮೂರನೇ ಟೆಸ್ಟ್. ಮೊಹಾಲಿಯಲ್ಲಿ 4 ಹೊಡೆದು ರನೌಟ್, ಮುಂಬೈನಲ್ಲಿ 13. ಅದೇ ದಾರಿಯಲ್ಲಿ ಒಂದು 40, ಒಂದು 50 ಅಂತ ಹೊಡ್ಕೊಂಡು ಹೋಗಿದ್ದರೆ 'ಪರವಾಗಿಲ್ಲ, ಕಲೀತಾನೆ' ಎಂದು ನಾಲ್ಕು ಸರಣಿ ಆಡಿಸುತ್ತಿದ್ದರು. ಮೊದಲನೇ ಟೆಸ್ಟ್ ಸೆಂಚುರಿಯನ್ನೇ ಟ್ರಿಪಲ್ ಮಾಡಿದವರು ಅವನಿಗಿಂತ ಮುಂಚೆ ಇಡೀ ಪ್ರಪಂಚದಲ್ಲಿ ಇಬ್ಬರೇ, ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಭಾರತದವರಲ್ಲಿ ಅದಕ್ಕೆ ಮುಂಚೆ ಟೆಸ್ಟ್‌ನಲ್ಲಿ ಮುನ್ನೂರು ಹೊಡೆದವನು ಸೆಹ್ವಾಗ್ ಒಬ್ಬನೇ. ಅಂಥವರ ಸಾಲಿಗೆ ಹೋಗಿ ನಿಂತರೆ ಕೆಳಗೆ ಇಳಿಸೋದು ಹೇಗೆ ಅಂತ ಯಾರಾದರೂ ಯೋಚಿಸಲೇಬೇಕಲ್ವಾ?

ಅದೇ ಇನಿಂಗ್ಸ್‌ನಲ್ಲಿ ಕೆ.ಎಲ್. ರಾಹುಲ್ 199ಕ್ಕೆ ಔಟಾದ. ಅಯ್ಯೋ ಪಾಪ, ಒಂದೇ ಒಂದು ರನ್ ಎಂದು ನಾವೆಲ್ಲ ಹಲುಬಿದೆವು. ಈಗ ಅನ್ನಿಸುತ್ತೆ, ಆವತ್ತು ಬಚಾವಾದವನು ರಾಹುಲ್.

ಭಾರತದ ಮುಂದಿನ ಟೆಸ್ಟ್ 2017ರ ಫೆಬ್ರವರಿಯಲ್ಲಿ, ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ಮೇಲೆ. ಹನ್ನೊಂದರ ಪಟ್ಟಿಯಲ್ಲಿ ಕರುಣ್ ಇಲ್ಲ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಿ. ಅಜಿಂಕ್ಯ ರಹಾನೆ ಬೆರಳಿಗೆ ಪೆಟ್ಟಾಗಿ ಸೀಟಿನ ಮೇಲೆ ಕರ್ಚೀಫ್ ಬಿಟ್ಟು ಕೆಳಗೆ ಇಳಿದಿದ್ದ. ಕರುಣ್ ಕೂತದ್ದು ಆ ಸೀಟಿನಲ್ಲಿ. ಕೂತವನು ಎಷ್ಟು ರೂಪಾಯಿ ಟಿಕೆಟ್ ತಗೊಂಡಿದ್ದಾನೆ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಕರ್ಚೀಫಿನವರು ಬಂದರು, ಎದ್ದೇಳಪ್ಪ. ಒಬ್ಬ ಎರಡು ವರ್ಷ ಪಟ್ಟ ಶ್ರಮವನ್ನು ಇನ್ನೊಬ್ಬನ ಒಂದು ಆಟ ಮೀರುವುದಿಲ್ಲ ಎಂದು ಕೊಹ್ಲಿ ವಿವರಿಸಿದ. ರಹಾನೆಯೂ ಆ ಪಂದ್ಯದಲ್ಲಿ 82 ಹೊಡೆದ, ಸುಳ್ಳು ಹೇಳಬಾರದು. ಗಾಯವಾಗಿ ಹೋದವನಿಗೆ ಜಾಗ ವಾಪಸ್ ಕೊಡುವುದು ನ್ಯಾಯವೇ. ಈ ನ್ಯಾಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಎಲ್ಲೂ ಸಿಗಲ್ಲ.

ಇದು ನಮ್ಮ ದೇಶದ ಸ್ವಂತ ಆವಿಷ್ಕಾರವೇನೂ ಅಲ್ಲ. ಟೆಸ್ಟ್ ಇತಿಹಾಸದ ಮೊಟ್ಟಮೊದಲ ಟ್ರಿಪಲ್ ಹೊಡೆದವನು ಇಂಗ್ಲೆಂಡಿನ ಆ್ಯಂಡಿ ಸ್ಯಾಂಡಮ್. 1930ರಲ್ಲಿ ಕಿಂಗ್‌ಸ್ಟನ್‌ನಲ್ಲಿ, ವೆಸ್ಟ್ ಇಂಡೀಸ್ ಮೇಲೆ, 325. ಅದೂ ನಾಯಕನ ಬ್ಯಾಟು ಎರವಲು ತಗೊಂಡು. ಆಮೇಲೆ ಇಂಗ್ಲೆಂಡ್ ಅವನನ್ನು ಇನ್ನೊಂದು ಟೆಸ್ಟ್ ಆಡಿಸಲಿಲ್ಲ. 2006ರಲ್ಲಿ ಚಿತ್ತಗಾಂಗ್‌ನಲ್ಲಿ ಆಸ್ಟ್ರೇಲಿಯಾದ ವೇಗಿ ಜೇಸನ್ ಗಿಲೆಸ್ಪಿ ನೈಟ್‌ವಾಚ್‌ಮನ್ ಆಗಿ, ಅಂದರೆ ದಿನದ ಕೊನೆಗೆ ಒಳ್ಳೇ ಬ್ಯಾಟರ್‌ನನ್ನು ಕಾಪಾಡಲು ಕಳಿಸುವ ಕಾವಲುಗಾರನಾಗಿ ಹೋಗಿ, ತನ್ನ ಹುಟ್ಟುಹಬ್ಬದ ದಿನವೇ 201 ಹೊಡೆದು ಔಟಾಗದೆ ಉಳಿದ. ಅದೇ ಅವನ ಕೊನೇ ಟೆಸ್ಟ್. ಬೇಸಿಗೆ ಶಿಬಿರಕ್ಕೆ ಮಗನನ್ನು ಸೇರಿಸಿ, ಅವನಿಗಿಂತ ದೊಡ್ಡ ಕಿಟ್ ಬ್ಯಾಗನ್ನು ಸ್ಕೂಟರ್ ಮುಂದೆ ಇಟ್ಟುಕೊಂಡು ಬೆಳಗ್ಗೆ ಆರಕ್ಕೇ ಹೊರಡುವ ತಂದೆತಾಯಿಗಳು ಇದನ್ನೆಲ್ಲ ಓದಿಕೊಳ್ಳುವುದು ಒಳ್ಳೇದು. ನಿಂತು ಆಡಪ್ಪಾ ಅಂತ ಮಗನಿಗೆ ಹೇಳಿಕೊಡುತ್ತೀರಲ್ಲ, ಎಲ್ಲಿ ನಿಲ್ಲಿಸಬೇಕು ಅಂತಲೂ ಹೇಳಿಕೊಡಿ.

ಕರುಣ್‌ಗೆ ಆ ಚಾಳಿ ಮೊದಲಿಂದಲೂ ಇತ್ತು. 2015ರ ರಣಜಿ ಫೈನಲ್‌ನಲ್ಲಿ ಕರ್ನಾಟಕದ ಪರವಾಗಿ ತಮಿಳುನಾಡಿನ ಮೇಲೆ 328 ಹೊಡೆದಿದ್ದ. ರಣಜಿ ಫೈನಲ್ ಒಂದರಲ್ಲಿ ಒಬ್ಬನೇ ಅಷ್ಟು ಹೊಡೆದದ್ದು ಅದಕ್ಕೆ ಮುಂಚೆ ಇರಲಿಲ್ಲ.

ಹೈದರಾಬಾದ್ ಆದಮೇಲೆ ಆಸ್ಟ್ರೇಲಿಯಾ ಬಂತು. ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲೆಯಲ್ಲಿ 5. ನಾಲ್ಕು ಇನಿಂಗ್ಸ್, ಮುಗೀತು. ಆಗ ಅವನ ಟೆಸ್ಟ್ ಸರಾಸರಿ 62. ಈ ಸರಾಸರಿ ಇಟ್ಟುಕೊಂಡು ಹೊರಗೆ ಹೋಗಬೇಕಾದರೆ ಭಾರತದಲ್ಲೇ ಹುಟ್ಟಿರಬೇಕು.

2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಮೊದಲ ಟೆಸ್ಟ್‌ನಿಂದ ತಂಡದಲ್ಲಿದ್ದ. ನೀರು ಕೊಟ್ಟ, ಟವಲ್ ಕೊಟ್ಟ, ಗ್ಲೌಸ್ ಕೊಟ್ಟ. ಕೊನೆಯ ಎರಡು ಟೆಸ್ಟ್‌ಗೆ ಊರಿಂದ ಹನುಮ ವಿಹಾರಿಯನ್ನು ಕರೆಸಿದರು. ಓವಲ್‌ನಲ್ಲಿ ಒಂದು ಬ್ಯಾಟಿಂಗ್ ಜಾಗ ಖಾಲಿಯಾಯ್ತು. ಆಡಿದ್ದು ವಿಹಾರಿ. ಅಂದರೆ ಮೊದಲು ಬಂದವನು ಕಾಯಬೇಕು, ಆಮೇಲೆ ಬಂದವನು ಆಡಬೇಕು. ಹೈದರಾಬಾದ್‌ನಲ್ಲಿ ಹೇಳಿದ ನ್ಯಾಯ ಲಂಡನ್‌ನಲ್ಲಿ ತಲೆಕೆಳಗಾಯ್ತು. ವಿಹಾರಿ 56 ಹೊಡೆದ, ಅವನದೇನೂ ತಪ್ಪಿಲ್ಲ. ವಾಪಸ್ ಬಂದಮೇಲೆ ವೆಸ್ಟ್ ಇಂಡೀಸ್ ಸರಣಿಗೆ ಕರುಣ್‌ನನ್ನು ಪೂರಾ ಕೈಬಿಟ್ಟರು. ಒಂದು ಚೆಂಡನ್ನೂ ಆಡದೆ ಫಾರ್ಮ್ ಕಳೆದುಕೊಳ್ಳುವುದು ಹೇಗೆ ಎನ್ನುವುದನ್ನು ಯಾರಾದರೂ ಪಿಎಚ್‌ಡಿ ಮಾಡಬೇಕು. ನನ್ನ ಹತ್ತಿರ ಯಾರೂ ಮಾತಾಡಿಲ್ಲ ಎಂದ ಕರುಣ್. ನಾನೇ ಮಾತಾಡಿದ್ದೇನೆ ಎಂದರು ಆಯ್ಕೆ ಸಮಿತಿಯ ಆಗಿನ ಮುಖ್ಯಸ್ಥ ಎಂ.ಎಸ್.ಕೆ. ಪ್ರಸಾದ್. ಇಬ್ಬರೂ ನಿಜವನ್ನೇ ಹೇಳುತ್ತಿದ್ದರೆ ನೆಟ್‌ವರ್ಕ್ ಸಮಸ್ಯೆ ಇರಬೇಕು.

ಇದೇ ಸಮಿತಿ 2019ರ ವಿಶ್ವಕಪ್‌ಗೆ ಅಂಬಟಿ ರಾಯುಡುವನ್ನು ಬಿಟ್ಟು ವಿಜಯ್ ಶಂಕರ್‌ನನ್ನು ತೆಗೆದುಕೊಂಡಿತ್ತು. ಶಂಕರ್ ಮೂರು ಆಯಾಮದ ಆಟಗಾರ ಎಂದು ಹೇಳಿತ್ತು. ವಿಶ್ವಕಪ್ ನೋಡಲು ತ್ರೀಡಿ ಕನ್ನಡಕ ಆರ್ಡರ್ ಮಾಡಿದ್ದೇನೆ ಎಂದು ರಾಯುಡು ಟ್ವೀಟ್ ಮಾಡಿದ್ದ. ಕರುಣ್‌ಗೆ ಅಂಥ ನಾಲಿಗೆ ಇಲ್ಲ. ಅವನು 2022ರ ಡಿಸೆಂಬರ್‌ನಲ್ಲಿ ಬರೆದದ್ದು ಇಷ್ಟೇ: ಪ್ರಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು. ಸಮಿತಿಗೆ ಅರ್ಜಿ ಹಾಕಿ ಸಾಕಾಗಿ ನೇರ ಆಟಕ್ಕೇ ಅರ್ಜಿ ಹಾಕಿದ್ದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂಬೈ ಲಾಬಿ, ದೆಹಲಿ ಲಾಬಿ ಎಂದು ಬೈಯುವುದರಲ್ಲಿ ನಾವು ಗಟ್ಟಿಗರು. ಚಿನ್ನಸ್ವಾಮಿ ಪಕ್ಕದ ಟೀ ಅಂಗಡಿಯಲ್ಲಿ ನಿಂತರೆ ವಿಶ್ವನಾಥ್ ಕಾಲದಿಂದ ಶುರುಮಾಡಿ ಕನ್ನಡಿಗರಿಗೆ ಆದ ಅನ್ಯಾಯವನ್ನೆಲ್ಲ ಎರಡು ಬೈಟೂ ಮುಗಿಯುವುದರೊಳಗೆ ಹೇಳುತ್ತಾರೆ. ಆದರೆ ಆ ಟ್ವೀಟ್ ಬಂದದ್ದು ಯಾವಾಗ? ನಮ್ಮ ಕರ್ನಾಟಕವೇ ಅವನನ್ನು ರಣಜಿ ತಂಡದಿಂದ ಬಿಟ್ಟಾಗ. ಮುಂಬೈನವರಾಗಲೀ ದೆಹಲಿಯವರಾಗಲೀ ಬಂದು ಬಿಡಿಸಲಿಲ್ಲ. ಮನೆಯಲ್ಲೇ ಊಟ ಇಲ್ಲ ಎಂದು ಕಳಿಸಿ, ಬೀಗರ ಮನೆಯಲ್ಲಿ ಎಲೆ ಹಾಕಲಿಲ್ಲ ಅಂತ ಜಗಳಕ್ಕೆ ಹೋದವರು ನಾವು. ಅವನು ನಾಗ್ಪುರಕ್ಕೆ ಹೋಗಿ ವಿದರ್ಭ ಸೇರಿಕೊಂಡ. ನಡುವೆ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿಗೂ ಆಡಿ ಬಂದ. ಅಲ್ಲಿ 2024ರಲ್ಲಿ ಒಂದು ಡಬಲ್ ಸೆಂಚುರಿ. ಅಭ್ಯಾಸ ಬಿಡಲಿಲ್ಲ.

ಆಮೇಲೆ ಬಂತು ರಾಜ್ಯ ತಂಡಗಳ ಏಕದಿನ ಪಂದ್ಯಾವಳಿ, 2024-25ರ ವಿಜಯ್ ಹಜಾರೆ ಟ್ರೋಫಿ. ವಿದರ್ಭದ ನಾಯಕನಾಗಿ ಅವನು ಹೊಡೆದದ್ದು ಹೀಗೆ: 112, 44, 163, 111, 112, 122, 88. ಇದರಲ್ಲಿ ಔಟಾದದ್ದು ಒಂದೇ ಸಲ. ಫೈನಲ್‌ಗೆ ಹೋಗುವಾಗ ಒಟ್ಟು ರನ್ 752, ಸರಾಸರಿಯೂ 752. ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಒಂದರಿಂದ ಭಾಗಿಸಿದರೆ ಹಾಗೇ ಬರೋದು. ಔಟಾಗುವ ಮುಂಚೆ ಒಟ್ಟಿಗೆ 542 ರನ್, ಅದು ಲಿಸ್ಟ್ ಎ, ಅಂದರೆ ಉನ್ನತ ದರ್ಜೆಯ ಏಕದಿನ ಪಂದ್ಯಗಳ ವಿಶ್ವದಾಖಲೆ.

ಫೈನಲ್ 2025ರ ಜನವರಿ 18ಕ್ಕೆ, ವಡೋದರದಲ್ಲಿ. ಎದುರಾಳಿ ಯಾರು? ಕರ್ನಾಟಕ! ಬರೆದವನಿಗೂ ಇಷ್ಟು ಚೆನ್ನಾಗಿ ಹೊಳೆಯುತ್ತಿರಲಿಲ್ಲ. ನಮ್ಮ ಬಡಾವಣೆಯ ಹಿರಿಯರೊಬ್ಬರು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು ನೋಡುತ್ತಿದ್ದರು. ಕರ್ನಾಟಕ 348 ಹೊಡೆದಿತ್ತು. ಕರುಣ್ ಸೆಂಚುರಿ ಹೊಡೀಬೇಕು, ಆದರೆ ಕರ್ನಾಟಕ ಗೆಲ್ಲಬೇಕು ಎನ್ನುವುದು ಅವರ ನಿಲುವು. 27ಕ್ಕೆ ಪ್ರಸಿದ್ಧ್ ಕೃಷ್ಣ ಅವನ ಸ್ಟಂಪ್ ಎಬ್ಬಿಸಿದ. 'ಥೂ, ಔಟಾದ್ನಲ್ಲೋ ಪಾಪ' ಎಂದರು. ಅದೇ ಉಸಿರಿನಲ್ಲಿ 'ಇನ್ನು ಕಪ್ಪು ನಮ್ದೇ ಬಿಡು' ಎಂದು ಚಪ್ಪಾಳೆಯನ್ನೂ ತಟ್ಟಿದರು. ಕರ್ನಾಟಕ 36 ರನ್‌ನಿಂದ ಗೆದ್ದಿತು.

ಅದೇ ಜನವರಿ 18ರಂದೇ ಮುಂಬೈನಲ್ಲಿ ಚಾಂಪಿಯನ್ಸ್ ಟ್ರೋಫಿಗೆ ತಂಡ ಪ್ರಕಟಿಸಿದರು. ಅದರಲ್ಲಿ ಕರುಣ್ ಇಲ್ಲ. ಇಂಥ ಸರಾಸರಿ ವಿಶೇಷವಾದದ್ದು, ಅವನ ಬಗ್ಗೆ ಮಾತು ಬಂತು, ಆದರೆ ಹದಿನೈದು ಜನರಲ್ಲಿ ಎಲ್ಲರಿಗೂ ಜಾಗ ಆಗಲ್ಲ ಎಂದು ಮುಖ್ಯ ಆಯ್ಕೆಗಾರ ಅಜಿತ್ ಅಗರ್ಕರ್ ಹೇಳಿದರು. ಎಂಥ ಸಮಾಧಾನ! 752 ಹೊಡೆದರೆ ಮಾತು ಬರುತ್ತದೆ. ಹೆಸರು ಬರಬೇಕಾದರೆ ಎಷ್ಟು ಹೊಡೀಬೇಕು ಎನ್ನುವ ದರಪಟ್ಟಿಯನ್ನು ಬೋರ್ಡ್ ಇನ್ನೂ ಬಿಡುಗಡೆ ಮಾಡಿಲ್ಲ.

ಅವನು ಹೊಡೆಯುತ್ತಲೇ ಹೋದ. ಅದೇ ಋತುವಿನ ರಣಜಿಯಲ್ಲಿ 863 ರನ್. ಫೈನಲ್‌ನಲ್ಲಿ ಕೇರಳದ ಮೇಲೆ 86 ಮತ್ತು 135, ವಿದರ್ಭಕ್ಕೆ ಕಪ್. ಎಂಟು ವರ್ಷದ ಮೇಲೆ, 2025ರ ಜೂನ್‌ನಲ್ಲಿ, ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಟೋಪಿ. ಈ ಎಂಟು ವರ್ಷದಲ್ಲಿ ನಾಯಕರು ಬದಲಾದರು, ಕೋಚ್‌ಗಳು ಬದಲಾದರು, ಆಯ್ಕೆ ಸಮಿತಿಗಳು ಬದಲಾದವು. ಕಾರಣಗಳ ಫೈಲ್ ಮಾತ್ರ ಒಬ್ಬರಿಂದ ಒಬ್ಬರಿಗೆ ಭದ್ರವಾಗಿ ಹಸ್ತಾಂತರವಾಗಿತ್ತು.

ಇಲ್ಲಿ ನಾನು ಕರುಣ್ ಪರ ವಕಾಲತ್ತು ಮಾಡಲ್ಲ. ಇಂಗ್ಲೆಂಡಿನ ಮೇಲೆ ಮೊದಲ ಮೂರು ಟೆಸ್ಟ್‌ನಲ್ಲಿ ಅವನು ಹೊಡೆದದ್ದು 0, 20, 31, 26, 40, 14. ಲಾರ್ಡ್ಸ್‌ನಲ್ಲಿ ಬ್ರೈಡನ್ ಕಾರ್ಸ್ ಹಾಕಿದ ನೇರ ಚೆಂಡಿಗೆ ಬ್ಯಾಟ್ ಎತ್ತಿ ಬಿಟ್ಟು ಎಲ್‌ಬಿಡಬ್ಲ್ಯು ಆದದ್ದನ್ನು ನೋಡಿದಾಗ ಹೊಟ್ಟೆ ಉರಿಯಿತು. ಮ್ಯಾಂಚೆಸ್ಟರ್‌ನಲ್ಲಿ ಕೂರಿಸಿದರು, ಸರಿಯೇ. ಓವಲ್‌ನಲ್ಲಿ ಮತ್ತೆ ಆಡಿಸಿದರು. ಹಸಿರು ಪಿಚ್, ಮೋಡ, ಎಲ್ಲರೂ ಬಂದು ಹೋಗುತ್ತಿದ್ದಾಗ 57 ಹೊಡೆದ. 224ರ ಆ ಇನಿಂಗ್ಸ್‌ನಲ್ಲಿ ಅದೇ ದೊಡ್ಡದು. ಆ ಟೆಸ್ಟನ್ನು ನಾವು ಗೆದ್ದದ್ದು ಬರೀ 6 ರನ್‌ನಿಂದ.

ಆ ಟೆಸ್ಟ್‌ನ ಮೊದಲ ದಿನ ಸಂಜೆ ಒಂದು ಸಣ್ಣ ಘಟನೆ ನಡೆಯಿತು. ಅವನು ಹೊಡೆದ ಚೆಂಡನ್ನು ತಡೆಯಲು ಹೋಗಿ ಕ್ರಿಸ್ ವೋಕ್ಸ್ ಬೌಂಡರಿ ಬಳಿ ಬಿದ್ದು ಭುಜ ಹಿಡಿದುಕೊಂಡ. ಮೂರು ರನ್ ಓಡಿ ಆಗಿತ್ತು. ಇನ್ನೊಂದು ಸುಲಭವಾಗಿ ಸಿಗುತ್ತಿತ್ತು. ಬೇಡ ಎಂದು ಜೊತೆಗಾರನಿಗೆ ಕೈ ಮಾಡಿದ. ಒಂದೊಂದು ರನ್ನಿಗೂ ಲೆಕ್ಕ ಕೊಡಬೇಕಾದ ಮನುಷ್ಯ, ಪುಕ್ಕಟೆ ಬಂದದ್ದನ್ನು ಬಿಟ್ಟ. ಇಂಥವನು ನಮ್ಮ ವ್ಯವಸ್ಥೆಯಲ್ಲಿ ಎಲ್ಲಿ ಉಳೀತಾನೆ ಹೇಳಿ.

ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಸರಣಿಗೆ ಕೈಬಿಟ್ಟರು. ಕರುಣ್‌ನಿಂದ ಇನ್ನೂ ಸ್ವಲ್ಪ ಜಾಸ್ತಿ ನಿರೀಕ್ಷೆ ಇತ್ತು ಎಂದರು ಅಗರ್ಕರ್. ಅಲ್ಲಿಗೆ ಚಕ್ರ ಒಂದು ಸುತ್ತು ಬಂತು. ಜಾಸ್ತಿ ಹೊಡೆದಾಗ ಜಾಗ ಇರಲಿಲ್ಲ. ಜಾಗ ಸಿಕ್ಕಾಗ ಜಾಸ್ತಿ ಹೊಡೆಯಲಿಲ್ಲ. ಅವನ ಬದಲು ತಂಡದಲ್ಲಿ ಕಾಣಿಸಿದ್ದು ದೇವದತ್ತ ಪಡಿಕ್ಕಲ್, ಅವನೂ ನಮ್ಮವನೇ. ಹಾಗಾಗಿ ಲಾಬಿ ಎಂದು ಕೂಗಲೂ ಆಗದೆ ಟೀ ಅಂಗಡಿ ಎರಡು ದಿನ ತಣ್ಣಗಿತ್ತಂತೆ.

ಕರುಣ್ 2025ರಲ್ಲಿ ಕರ್ನಾಟಕಕ್ಕೆ ವಾಪಸ್ ಬಂದ. ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಗೋವಾ ಮೇಲೆ 174, ಔಟಿಲ್ಲ. ಮುಂದಿನ ವಾರವೇ ಕೇರಳದ ಮೇಲೆ 233. ಅಷ್ಟರಲ್ಲಿ ದಕ್ಷಿಣ ಆಫ್ರಿಕಾ ಸರಣಿಗೆ ತಂಡ ಬಂತು, ಅದರಲ್ಲೂ ಇಲ್ಲ. ಕೋಲ್ಕತ್ತದಲ್ಲಿ 124 ಬೆನ್ನಟ್ಟಿದ ಭಾರತ 93ಕ್ಕೆ ಆಲೌಟ್ ಆಯ್ತು. ಗುವಾಹಟಿಯಲ್ಲಿ 408 ರನ್‌ನಿಂದ ಸೋತಿತು. ಅಲ್ಲಿ ಕರುಣ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳಲ್ಲ. ಹೊರಗೆ ಕೂತವನು ಯಾವತ್ತೂ ಡಕ್ ಔಟ್ ಆಗಲ್ಲ, ಅದು ನಂಗೂ ಗೊತ್ತು.

2025ರ ಡಿಸೆಂಬರ್ 6ಕ್ಕೆ ಅವನಿಗೆ 34 ತುಂಬಿತು. ಇಷ್ಟು ವರ್ಷದಲ್ಲಿ ಒಂದೇ ಆಟ ಸಾಲದು ಅಂದರು, ಮಾತಾಡಿದ್ದೇವೆ ಅಂದರು, ಜಾಗ ಇಲ್ಲ ಅಂದರು, ಇನ್ನೂ ಜಾಸ್ತಿ ಬೇಕಿತ್ತು ಅಂದರು. ವಯಸ್ಸಾಯ್ತು ಅಂತ ಮಾತ್ರ ನಾನು ಕೇಳಿದ ಹಾಗೆ ಯಾರೂ ಅಂದಿಲ್ಲ. ಮುಂದಿನ ಟ್ರಿಪಲ್ ಸೆಂಚುರಿಗೆ ಬೇಕಾಗುತ್ತೆ ಅಂತ ಎತ್ತಿಟ್ಟಿದ್ದಾರೆ.