ಸಲಾಹ್‌ನ ವಿನಿಮಯವೂ ಶನಿವಾರದ ಹನ್ನೊಂದು ಮಂದಿಯೂ

ಮಾಟುಂಗಾದಿಂದ ಡೊಂಬಿವಲಿಯವರೆಗೆ ಹರಡಿಕೊಂಡಿರುವ ನಾವು ಎಂಟು ಮಂದಿ ಮುಂಬಯಿ ಕನ್ನಡಿಗರು ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಫುಟ್‌ಬಾಲ್ ಫ್ಯಾಂಟಸಿ ಡ್ರಾಫ್ಟ್ (ನಿಜವಾದ ಆಟಗಾರರನ್ನು ಹಂಚಿಕೊಂಡು ತಂಡ ಕಟ್ಟಿ, ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ಅಂಕ ಗಳಿಸುವ ಆಟ) ಆಡತೊಡಗಿ ಕೆಲವು ವರ್ಷಗಳಾದವು. ಪ್ರತಿ ಋತುವಿನಲ್ಲೂ ನಮ್ಮೊಳಗೆ ಜಗಳ ಏಳುವುದು ಆಟಗಾರರ ಟ್ರೇಡ್, ಎಂದರೆ ಅದಲುಬದಲು, ಕುರಿತಾಗಿ. ಜಗಳವಾಡಲೇಬೇಕಾದ ವಿಷಯ ಬೇರೊಂದಿದೆ, ಸೋಲು ಖಚಿತವಾದ ಮೇಲೆ ತಂಡವನ್ನು ಕೈಬಿಡುವುದು; ಅದರ ಬಗ್ಗೆ ಮಾತ್ರ ಯಾರೂ ಬಾಯಿ ತೆರೆಯುವುದಿಲ್ಲ ಎಂಬುದು ನನ್ನ ದೂರು.

ಸಾಮಾನ್ಯ ಫ್ಯಾಂಟಸಿಯಲ್ಲಿ 10 ಕೋಟಿ ಪೌಂಡ್‌ಗಳ ಮಿತಿಯೊಳಗೆ ಹಾಲಾಂಡ್‌ನಂತಹ ತಾರೆಯನ್ನು ಯಾರು ಬೇಕಾದರೂ ಕೊಳ್ಳಬಹುದು. ಡ್ರಾಫ್ಟ್‌ನಲ್ಲಿ ಹಾಗಲ್ಲ, ಋತುವಿನ ಮೊದಲು ಸರದಿಯಂತೆ ಆರಿಸಿಕೊಳ್ಳುವುದರಿಂದ ಒಬ್ಬ ಆಟಗಾರ ಇಡೀ ಗುಂಪಿನಲ್ಲಿ ಒಬ್ಬರ ತಂಡಕ್ಕೆ ಮಾತ್ರ ಸೇರಿದವನು, ಅವನು ಬೇಕೆಂದರೆ ಆ ಒಡೆಯನೊಡನೆ ಮಾತನಾಡಿ ಬದಲಿಗೆ ಏನನ್ನಾದರೂ ಕೊಡಬೇಕು. ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್ ಎಂಬ ಹದಿನೈದರ ಲೆಕ್ಕ ಕೆಡುವಂತಿಲ್ಲವಾದ್ದರಿಂದ, ಮಿಡ್‌ಫೀಲ್ಡರ್‌ಗೆ ಮಿಡ್‌ಫೀಲ್ಡರ್‌ನನ್ನೇ ಕೊಡಬೇಕಾಗುತ್ತದೆ.

2024ರ ಜನವರಿ ಮೊದಲ ವಾರದಲ್ಲಿ ನಡೆದದ್ದನ್ನೇ ನೋಡಿ. ಏಳನೆಯ ಸ್ಥಾನದಲ್ಲಿದ್ದ ಡೊಂಬಿವಲಿಯ ಗೆಳೆಯ ತನ್ನಲ್ಲಿದ್ದ ಲಿವರ್‌ಪೂಲ್‌ನ ತಾರೆ ಮೊಹಮ್ಮದ್ ಸಲಾಹ್‌ನನ್ನು ಮೊದಲ ಸ್ಥಾನದಲ್ಲಿದ್ದ ಮುಲುಂಡ್‌ನವನಿಗೆ ಕೊಟ್ಟು ಕೋಲ್ ಪಾಮರ್‌ನನ್ನು ತೆಗೆದುಕೊಂಡ. ಪಾಮರ್ ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದದ್ದು 2023ರ ಸೆಪ್ಟೆಂಬರ್ 1ರಂದು, ಎಂದರೆ ನಮ್ಮ ಆಗಸ್ಟ್‌ನ ಡ್ರಾಫ್ಟ್ ಮುಗಿದ ಮೇಲೆ. ಯಾರಿಗೂ ಸೇರದೆ ಉಳಿದಿದ್ದ ಅವನನ್ನು ಮುಲುಂಡ್‌ನವನು ಸುಮ್ಮನೆ ಎತ್ತಿಕೊಂಡಿದ್ದ. "ಮಾರಾಯ್ರೆ, ಸಲಾಹ್‌ನನ್ನು ಯಾರಾದರೂ ಬಿಟ್ಟುಕೊಡ್ತಾರಾ? ಇದು ಇಬ್ಬರ ಒಳಒಪ್ಪಂದ" ಎಂದು ನಾಲ್ವರು ಕೂಗಾಡಿ, ಆ ಟ್ರೇಡನ್ನು ರದ್ದುಮಾಡಬೇಕೆಂದು ಪಟ್ಟುಹಿಡಿದರು.

ನಾನು ಒಪ್ಪಲಿಲ್ಲ. ಜನವರಿ 13ರಿಂದ ಐವರಿ ಕೋಸ್ಟ್‌ನಲ್ಲಿ ಆಫ್ರಿಕಾ ಕಪ್ ಆರಂಭವಾಗುವುದಿತ್ತು, ಸಲಾಹ್ ಲೀಗ್ ಪಂದ್ಯಗಳನ್ನು ಬಿಟ್ಟು ಈಜಿಪ್ಟ್ ಪರವಾಗಿ ಹೊರಡುವುದು ಎಲ್ಲರಿಗೂ ತಿಳಿದಿತ್ತು. ಏಳನೆಯ ಸ್ಥಾನದವನಿಗೆ ಗೆಲುವು ಬೇಕಾಗಿದ್ದುದು ಅದೇ ವಾರಗಳಲ್ಲಿ. ಮೊದಲನೆಯವನಿಗೋ ಒಂದು ತಿಂಗಳು ಕಾದು ಏಪ್ರಿಲ್‌ಗೆ ಸಲಾಹ್‌ನನ್ನು ಇಟ್ಟುಕೊಳ್ಳುವಷ್ಟು ಮುನ್ನಡೆಯಿತ್ತು. ಒಬ್ಬನ ಅಗತ್ಯ ಇಂದಿನದು, ಇನ್ನೊಬ್ಬನದು ನಾಳಿನದು; ವಿನಿಮಯ ಕುದುರುವುದೇ ಇಂತಹ ವ್ಯತ್ಯಾಸದಿಂದ. ಮುಂದೆ ಸಲಾಹ್ ಘಾನಾ ವಿರುದ್ಧದ ಪಂದ್ಯದಲ್ಲಿ ಗಾಯಗೊಂಡು 18 ಲೀಗ್ ಗೋಲುಗಳಿಗೆ ಋತುವನ್ನು ಮುಗಿಸಿದ, ಪಾಮರ್ 22 ಹೊಡೆದ. ಆದರೆ ನನ್ನ ವಾದ ಈ ಫಲಿತಾಂಶದ ಮೇಲೆ ನಿಂತಿಲ್ಲ. ಪಾಮರ್ ಮರುವಾರವೇ ಕಾಲು ಮುರಿದುಕೊಂಡಿದ್ದರೂ ಆ ಟ್ರೇಡ್ ಸರಿಯಾದದ್ದೇ ಆಗಿರುತ್ತಿತ್ತು, ಏಕೆಂದರೆ ಆ ದಿನ ಇಬ್ಬರ ಬಳಿಯೂ ತಕ್ಕ ಕಾರಣವಿತ್ತು.

ಇನ್ನು ನನ್ನನ್ನು ನಿಜವಾಗಿ ನೋಯಿಸಿದ ಸಂಗತಿ. ಅಂದು ಜೋರಾಗಿ ಕೂಗಿದವರಲ್ಲೊಬ್ಬ, ಮಾರ್ಚ್‌ನಲ್ಲಿ ತನಗೆ ಗೆಲ್ಲುವ ದಾರಿಯಿಲ್ಲವೆಂದು ಖಚಿತವಾದ ಕೂಡಲೇ ತನ್ನ ತಂಡವನ್ನು ಮುಟ್ಟುವುದನ್ನೇ ಬಿಟ್ಟ. ಹದಿನೈದರಲ್ಲಿ ವಾರಕ್ಕೆ ಆಡಿಸಲು ಆರಿಸಿಡುವ ಅವನ ಹನ್ನೊಂದರಲ್ಲಿ ಮೂವರು ಗಾಯಾಳುಗಳು ಹಾಗೆಯೇ ಉಳಿದರು. ನಮ್ಮದು ವಾರವಾರವೂ ಇಬ್ಬಿಬ್ಬರು ಎದುರಾಗುವ ಲೀಗ್. ಫೆಬ್ರವರಿಯಲ್ಲಿ ಅವನನ್ನು ಎದುರಿಸಿದವನು ಪೂರ್ತಿ ತಂಡದೊಡನೆ ಸೆಣಸಿದ್ದರೆ, ಏಪ್ರಿಲ್‌ನಲ್ಲಿ ಎದುರಾದವನಿಗೆ ಗೆಲುವು ಪುಕ್ಕಟೆಯಾಗಿ ದಕ್ಕಿತು. ಒಂದು ಟ್ರೇಡ್‌ನಿಂದ ಆಗದ ಅನ್ಯಾಯ ಇದರಿಂದ ಆಯಿತು.

ಆಡದವನ ಜಾಗಕ್ಕೆ, ಹನ್ನೊಂದರ ಹೊರಗುಳಿದ ಬೆಂಚಿನವನು ತಾನಾಗಿಯೇ ಬರುತ್ತಾನಲ್ಲ ಎಂದು ಅವನು ಸಮಜಾಯಿಷಿ ಕೊಟ್ಟ. ಬರುತ್ತಾನೆ, ಆದರೆ ನಾವು ಬರೆದಿಟ್ಟ ಕ್ರಮದಲ್ಲಿ ಮಾತ್ರ; ಬೆಂಚಿನವನೂ ಗಾಯಾಳುವಾಗಿದ್ದರೆ ಅದರಿಂದೇನು ಬಂತು? ಅದಕ್ಕಿಂತಲೂ ಕೆಟ್ಟದ್ದು ಅರೆ ಗುಣವಾದ ಆಟಗಾರನದು. 2022–23ರಿಂದ ಪ್ರೀಮಿಯರ್ ಲೀಗ್‌ನಲ್ಲಿ ಐವರು ಬದಲಿಗಳಿಗೆ ಅವಕಾಶವಿರುವುದರಿಂದ, ಅಂತಹವನನ್ನು 85ನೆಯ ನಿಮಿಷಕ್ಕೆ ಇಳಿಸುವುದು ತರಬೇತುದಾರರಿಗೆ ಸುಲಭವಾಗಿದೆ. ಅವನು ಒಂದು ಅಂಕ ತರುತ್ತಾನೆ, ಆಡಿದವನೆಂದು ಲೆಕ್ಕಕ್ಕೂ ಬರುತ್ತಾನೆ; ತೊಂಬತ್ತು ನಿಮಿಷ ಆಡಿದ ಬೆಂಚಿನ ಡಿಫೆಂಡರ್ ಗೋಲು ಬಿಟ್ಟುಕೊಡದೆ ಗಳಿಸಿದ ಆರು ಅಂಕಗಳು ಅಲ್ಲೇ ಕೊಳೆಯುತ್ತವೆ. ಅನುಮಾನವಿರುವ ತಾರೆಗಿಂತ ಖಚಿತವಾಗಿ ಆಡುವ ಸಾಧಾರಣ ಆಟಗಾರನೇ ಎಷ್ಟೋ ವಾರ ಮೇಲು ಎಂದು ನಾನು ಹೇಳುವುದು ಇದಕ್ಕಾಗಿ.

ಸಮಯವಿಲ್ಲವೆಂಬ ಮಾತನ್ನೂ ನಾನು ಒಪ್ಪಲಾರೆ. ಏಪ್ರಿಲ್‌ನ ಶನಿವಾರ ಇಂಗ್ಲೆಂಡಿನ ಹನ್ನೆರಡೂವರೆಯ ಪಂದ್ಯ ನಮಗೆ ಸಂಜೆ ಐದಕ್ಕೆ. ಹನ್ನೊಂದು ಮಂದಿಯನ್ನು ಬದಲಿಸುವ ಡೆಡ್‌ಲೈನ್ ಅದಕ್ಕೆ ತೊಂಬತ್ತು ನಿಮಿಷ ಮೊದಲು, ಅಂದರೆ ಮಧ್ಯಾಹ್ನ ಮೂರೂವರೆಗೆ. ಮಾಟುಂಗಾದಲ್ಲಿ ಹೊಟೇಲು ನಡೆಸುವ ನಮ್ಮ ಅಣ್ಣನಿಗೆ ಅದು ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಗೆ ಅಡುಗೆಮನೆ ಸಜ್ಜಾಗುವ ಹೊತ್ತು. ಅವರು ಶುಕ್ರವಾರ ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿದ ಮೇಲೆ ಗಾಯಾಳುಗಳ ಸುದ್ದಿ ಓದಿ, ಬೆಂಚಿನ ಕ್ರಮವನ್ನೂ ಸರಿಮಾಡಿಯೇ ಮಲಗುತ್ತಾರೆ. ಆ ಋತುವಿನಲ್ಲಿ ಅವರು ಕೊನೆಯ ಸ್ಥಾನದಲ್ಲಿದ್ದರು. ಮೂವತ್ತೆಂಟನೆಯ ವಾರದವರೆಗೂ ಒಂದು ಲೈನ್‌ಅಪ್ ತಪ್ಪಿಸಲಿಲ್ಲ.

ತಂಡವನ್ನು ಕೈಬಿಟ್ಟವನಿಗೆ ಮುಂದಿನ ಡ್ರಾಫ್ಟ್‌ನಲ್ಲಿ ಕೊನೆಯ ಸರದಿ ಕೊಡೋಣವೆಂದು ಒಬ್ಬರು ಸೂಚಿಸಿದರು. ಅದು ಶಿಕ್ಷೆಯೇ ಆಗುವುದಿಲ್ಲ, ಎರಡನೆಯ ಸುತ್ತು ಹಿಂದುಮುಂದಾಗಿ ಸಾಗುವುದರಿಂದ ಎಂಟನೆಯವನಿಗೇ ಒಂಬತ್ತನೆಯ ಆಯ್ಕೆಯೂ ಸಿಗುತ್ತದೆ. ನನ್ನ ಸೂಚನೆ ಬೇರೆ: ಗಾಯಾಳುಗಳನ್ನು ಸತತ ಎರಡು ವಾರ ಹನ್ನೊಂದರಲ್ಲಿ ಬಿಟ್ಟವನಿಗೆ, ಉಳಿದವರ ಟ್ರೇಡ್‌ಗೆ ಅಡ್ಡಿ ಹೇಳುವ ಹಕ್ಕು ಆ ಋತು ಮುಗಿಯುವವರೆಗೆ ಇರಬಾರದು. ಇದನ್ನು ಗುಂಪಿನ ಮುಂದಿಟ್ಟಿದ್ದೇನೆ. ಹೊಟೇಲಿನ ಅಣ್ಣ, ಮುಲುಂಡ್‌ನವನು, ಡೊಂಬಿವಲಿಯವನು ಈವರೆಗೆ ಒಪ್ಪಿದ್ದಾರೆ. ಉಳಿದ ನಾಲ್ವರು ಆಗಸ್ಟ್‌ನ ಡ್ರಾಫ್ಟ್‌ಗೆ ಕೂರುವ ಮೊದಲು ಉತ್ತರ ಕೊಡಬೇಕೆಂದು ಇಲ್ಲಿಯೂ ಕೇಳಿಕೊಳ್ಳುತ್ತೇನೆ.